ವಂತಿಗೆ, ಮುಡಿಪು, ಮುಯ್ಯಿ: ಕ್ರೌಡ್‌ಫಂಡಿಂಗ್ ಪದಗಳಿಗೆ ಸುತ್ತೂರಿನ ಅರ್ಥಕೋಶ

ಇವತ್ತಿನ ಕಂತು ಹತ್ತಾರು ಜನರ ಹತ್ತಿರ ದುಡ್ಡು ಕೇಳೋದರ ಇತಿಹಾಸದ ಬಗ್ಗೆ. ಈಗ ಇದಕ್ಕೆ ಕ್ರೌಡ್‌ಫಂಡಿಂಗ್ ಅಂತಾರೆ. ಈ ಇಂಗ್ಲಿಷ್ ಪದ ಹುಟ್ಟಿದ್ದು ತೀರಾ ಇತ್ತೀಚೆಗೆ, 2006ರಲ್ಲಿ. ಮೈಕೆಲ್ ಸಲಿವನ್ ಎಂಬಾತ ತನ್ನ ವಿಡಿಯೋ ಯೋಜನೆಯೊಂದಕ್ಕೆ ಹಣ ಕೂಡಿಸುವಾಗ ಬಳಸಿದ ಪದ ಅಂತ ದಾಖಲೆ. ಆದರೆ ಆ ಕೆಲಸ ಅಷ್ಟು ಹೊಸದೇ? ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಯಾವ ಊರಿನ ಹಿರಿಯರನ್ನು ಕೇಳಿದರೂ ನಗ್ತಾರೆ. ಊರಹಬ್ಬಕ್ಕೆ ವಂತಿಗೆ ಎತ್ತದ ಊರು ಯಾವುದಿದೆ?

ಒಂದು ಉದಾಹರಣೆ ಇಟ್ಕೊಂಡು ಹೊರಡೋಣ. ಕಪಿಲಾ ನದಿ ದಡದ ಒಂದು ಊರು ಅಂತ ಅಂದ್ಕೊಳ್ಳಿ. ಅಲ್ಲಿನ ಹುಡುಗಿಯೊಬ್ಬಳಿಗೆ ಊರಿನ ಮಕ್ಕಳಿಗಾಗಿ ಒಂದು ಓದುವ ಕೋಣೆ ಮಾಡಬೇಕು ಅಂತ ಆಸೆ. ಮೂರು ಲಕ್ಷ ರೂಪಾಯಿ ಬೇಕು. ಫೋನಲ್ಲಿ ಒಂದು ವೆಬ್‌ಸೈಟ್ ತೆಗೀತಾಳೆ. ಅದು ಕೇಳುತ್ತೆ: ನಿಮ್ಮ ಕ್ಯಾಂಪೇನ್ ಯಾವ ಮಾದರಿ? ಗೋಲ್ ಎಷ್ಟು? ಬೆನಿಫಿಷಿಯರಿ ಯಾರು? ರಿವಾರ್ಡ್ ಉಂಟೋ? ಆಲ್ ಆರ್ ನಥಿಂಗೋ, ಫ್ಲೆಕ್ಸಿಬಲ್ಲೋ? ಗೊತ್ತಿಲ್ಲದ ಪದಗಳ ಮೇಲೆ ಬೆರಳು ಒತ್ತುತ್ತಾ ಹೋದರೆ ಪುಟ ಏನೋ ತಯಾರಾಗುತ್ತೆ. ಆದರೆ ಅಷ್ಟು ಹೊತ್ತಿಗೆ ಅವಳು ಗುರುತಿರೋ ನೂರು ಜನಕ್ಕೆ ನೂರು ಮಾತು ಕೊಟ್ಟಾಗಿರುತ್ತೆ, ಏನು ಮಾತು ಕೊಟ್ಟೆ ಅಂತ ಅವಳಿಗೇ ಗೊತ್ತಿರಲ್ಲ. ದುಡ್ಡು ಕಳೆದುಕೊಂಡರೆ ಮತ್ತೆ ದುಡೀಬಹುದು. ಸೋದರಮಾವನ ಹತ್ತಿರ, ಹೈಸ್ಕೂಲ್ ಮೇಷ್ಟ್ರ ಹತ್ತಿರ, ಬೆಂಗಳೂರಲ್ಲಿ ಕೆಲಸಕ್ಕಿರೋ ಗೆಳತಿ ಹತ್ತಿರ ಹೆಸರು ಕೆಟ್ಟರೆ ಅದು ಬೇಗ ವಾಪಸ್ ಬರಲ್ಲ.

ಹಾಗಾಗಿ ಈ ಪದಗಳನ್ನ ನಮ್ಮ ಕಡೆಯ ಇತಿಹಾಸದ ಮೂಲಕವೇ ಬಿಡಿಸೋಣ. ಶುರು ಸುತ್ತೂರಿನಿಂದ.

ಜಾತ್ರೆಯ ಊಟ ಯಾರ ದುಡ್ಡು?

ಸುತ್ತೂರು ನಂಜನಗೂಡು ತಾಲ್ಲೂಕಿನಲ್ಲಿ, ಕಪಿಲೆಯ ದಡದಲ್ಲಿದೆ. ಅಲ್ಲಿನ ವೀರಸಿಂಹಾಸನ ಮಠದ ಪರಂಪರೆ ಸುಮಾರು ಸಾವಿರ ವರ್ಷ ಹಿಂದಿನ ಶಿವರಾತ್ರೀಶ್ವರ ಶಿವಯೋಗಿಗಳಿಂದ ಶುರುವಾಗುತ್ತೆ ಅಂತ ಮಠದ ಇತಿಹಾಸ ಹೇಳುತ್ತೆ. ಪ್ರತಿ ವರ್ಷ ಜನವರಿ, ಫೆಬ್ರವರಿ ಸುಮಾರಿಗೆ ಅವರ ಜಯಂತಿಯ ಹೆಸರಲ್ಲಿ ದೊಡ್ಡ ಜಾತ್ರೆ. ರಥೋತ್ಸವ, ತೆಪ್ಪೋತ್ಸವ, ಸಾಮೂಹಿಕ ವಿವಾಹ, ಕುಸ್ತಿ, ದನಗಳ ಜಾತ್ರೆ, ಕೃಷಿ ಮೇಳ. ಲಕ್ಷಾಂತರ ಜನ ಬರ್ತಾರೆ. ಬಂದವರಿಗೆಲ್ಲ ಊಟ. ಅದಕ್ಕೆ ಕೂಪನ್ ಇಲ್ಲ, ದುಡ್ಡಿಲ್ಲ. ಅದರ ಹೆಸರು ದಾಸೋಹ.

ದಾಸೋಹ ಅಂದರೆ ದಾನ ಅಲ್ಲ, ಈ ವ್ಯತ್ಯಾಸ ಮುಖ್ಯ. ದಾನದಲ್ಲಿ ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ. 12ನೇ ಶತಮಾನದ ಶರಣರು ದಾಸೋಹ ಅಂದಾಗ ಆ ಏಣಿಯನ್ನೇ ತೆಗೆದುಹಾಕಿದರು. ದುಡಿದದ್ದರಲ್ಲಿ ಒಂದು ಭಾಗ ಸಮುದಾಯದ್ದು, ಕೊಟ್ಟವನಿಗೆ ಕೊಟ್ಟೆ ಅನ್ನೋ ಹಮ್ಮು ಇರಬಾರದು. ದುಡಿಮೆಗೆ ಕಾಯಕ ಅಂತಲೂ ಹಂಚಿಕೆಗೆ ದಾಸೋಹ ಅಂತಲೂ ಹೆಸರು. ಈಗಿನ ಪರಿಭಾಷೆಯಲ್ಲಿ ಇದು ಡೊನೇಷನ್ ಮಾದರಿಗೆ ಹತ್ತಿರ. ಕೊಟ್ಟವರಿಗೆ ವಸ್ತು ರೂಪದಲ್ಲಿ ಏನೂ ವಾಪಸ್ ಬರಲ್ಲ. ಬರಬೇಕಾದದ್ದು ಒಂದೇ: ಹೇಳಿದ ಕೆಲಸಕ್ಕೇ ಹಣ ಹೋಯಿತು ಅನ್ನೋ ಖಾತ್ರಿ.

ಈ ಖಾತ್ರಿ ಎಲ್ಲಿಂದ ಹುಟ್ಟುತ್ತೆ ಅನ್ನೋದಕ್ಕೆ ಸುತ್ತೂರಿನದೇ ಒಂದು ಕತೆ ಇದೆ. ಮಠದ 23ನೆಯ ಪೀಠಾಧಿಪತಿ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ. ಅವರ ಕಾಲ 1916ರಿಂದ 1986. ಹಳ್ಳಿಯಿಂದ ಮೈಸೂರಿಗೆ ಓದೋಕೆ ಬರ್ತಿದ್ದ ಬಡ ಹುಡುಗರಿಗೆ ಅವರು ಊಟ, ವಸತಿ ಕೊಡೋಕೆ ಶುರು ಮಾಡಿದರು. ಅದೇ ಹೊತ್ತಿಗೆ ಎರಡನೇ ಮಹಾಯುದ್ಧ. ಅಕ್ಕಿಗೆ ಕಂಟ್ರೋಲು, ಎಲ್ಲಕ್ಕೂ ಬೆಲೆ. ಹುಡುಗರ ಊಟ ನಿಲ್ಲಬಾರದು ಅಂತ ಸ್ವಾಮೀಜಿ ತಾವು ಧರಿಸುತ್ತಿದ್ದ ಚಿನ್ನದ ಕರಡಿಗೆಯನ್ನೇ ಮಾರಿದರು ಅಂತ ಆ ಭಾಗದ ಜನ ಇವತ್ತಿಗೂ ಹೇಳಿಕೊಳ್ತಾರೆ. ಕರಡಿಗೆ ಅಂದರೆ ಇಷ್ಟಲಿಂಗ ಇಟ್ಟುಕೊಂಡು ಕೊರಳಿಗೆ ಹಾಕ್ಕೊಳ್ಳೋ ಪುಟ್ಟ ಸಂಪುಟ. ಮುಂದೆ 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ಶುರುವಾಯಿತು. ನಾವೆಲ್ಲ ಜೆಎಸ್‌ಎಸ್ ಅನ್ನೋದು ಅದನ್ನೇ. ಈಗ ಅದರಡಿ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ.

ಈ ಕತೆಯನ್ನ ಭಕ್ತಿಯಿಂದ ಕೇಳೋರು ಹಾಗೇ ಕೇಳಲಿ. ನಮ್ಮ ಹುಡುಗಿ ಇದರಿಂದ ತಗೋಬೇಕಾದ್ದು ಬೇರೆ. ಊರಿನ ಮುಂದೆ ಕೈ ಚಾಚೋಕೆ ಮುಂಚೆ ಕೇಳುವವರು ತಮ್ಮದನ್ನ ಮುಂದಿಟ್ಟಿದ್ದು ಜನರಿಗೆ ಕಾಣಿಸಿತು. ಕ್ರೌಡ್‌ಫಂಡಿಂಗ್‌ನಲ್ಲಿ ಕೇಳುವವರಿಗೆ ಕ್ಯಾಂಪೇನ್ ಕ್ರಿಯೇಟರ್ ಅಂತಾರೆ, ಕೊಡುವವರಿಗೆ ಬ್ಯಾಕರ್ ಅಥವಾ ಡೋನರ್. ಯಾರಿಗಾಗಿ ಹಣವೋ ಅವರು ಬೆನಿಫಿಷಿಯರಿ, ಅಂದರೆ ಫಲಾನುಭವಿ. ಸ್ವಾಮೀಜಿ ಕೇಳುವವರು, ಊರಿನವರು ಕೊಡುವವರು, ಹಾಸ್ಟೆಲಿನ ಹುಡುಗರು ಫಲಾನುಭವಿಗಳು. ಈ ಮೂವರು ಯಾರು ಯಾರು ಅಂತ ಮೊದಲ ಸಾಲಲ್ಲೇ ಹೇಳದ ಕ್ಯಾಂಪೇನ್ ಪುಟದ ಮೇಲೆ ಜನಕ್ಕೆ ಅನುಮಾನ ಬರೋದು ಸಹಜ.

ಒಬ್ಬ ದೊಡ್ಡವನೋ, ನೂರು ಸಣ್ಣವರೋ

ಸುತ್ತೂರಿನಿಂದ ತುಂಬಾ ದೂರ ಹೋಗೋದು ಬೇಡ. ಪಕ್ಕದ ತಿ.ನರಸೀಪುರ ತಾಲ್ಲೂಕಿನಲ್ಲೇ ಸೋಮನಾಥಪುರ ಇದೆ. 1258ರಲ್ಲಿ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ. ಅಲ್ಲಿ ಮುಂದೆ ನಿಂತವನು ಒಬ್ಬ ಅಧಿಕಾರಿ, ಬೆನ್ನ ಹಿಂದೆ ಒಬ್ಬ ರಾಜ. ದೊಡ್ಡ ಮನುಷ್ಯ ಒಪ್ಪಿದ, ಕೆಲಸ ಆಯಿತು. ಇವತ್ತು ಸ್ಟಾರ್ಟಪ್‌ನವರು ಏಂಜೆಲ್ ಇನ್ವೆಸ್ಟರ್ ಅನ್ನೋ ದೊಡ್ಡ ಕೈಯನ್ನ ಹುಡುಕೋದು, ಸಿನಿಮಾದವರು ನಿರ್ಮಾಪಕರ ಮನೆ ಬಾಗಿಲು ತಟ್ಟೋದು ಇದೇ ದಾರಿ.

ಇನ್ನೊಂದು ದಾರಿಯ ದಾಖಲೆಯೂ ಕಲ್ಲಿನ ಮೇಲಿದೆ. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಹೊಯ್ಸಳರ ಕಾಲದ ಶಾಸನಗಳಿವೆ. ಮೊಸಳೆ ಅನ್ನೋ ಊರಿನ ವರ್ತಕರು ತೀರ್ಥಂಕರರ ಪೂಜೆಗೆ ವರ್ಷಕ್ಕೆ ಇಂತಿಷ್ಟು ಕೊಡ್ತೇವೆ ಅಂತ ಹೆಸರು ಸಮೇತ ಬರೆಸಿದ್ದಾರೆ. ಯಾರೂ ರಾಜರಲ್ಲ. ಒಬ್ಬೊಬ್ಬರದೂ ಸಣ್ಣ ಮೊತ್ತ. ಆದರೆ ವರ್ಷ ವರ್ಷ ಬರುವ ಮೊತ್ತ. ಆ್ಯಪ್‌ನಲ್ಲಿ ನೀವು ನೋಡೋ ರಿಕರಿಂಗ್ ಡೊನೇಷನ್, ತಿಂಗಳಿಗೊಮ್ಮೆ ಖಾತೆಯಿಂದ ತಾನಾಗೇ ಹೋಗುವ ಚಂದಾ, ಇದರ ಮೊಮ್ಮಗ.

ಓದುವ ಕೋಣೆಯ ಹುಡುಗಿಗೆ ಇಲ್ಲೊಂದು ಲೆಕ್ಕ ಇದೆ. ಕೋಣೆಗೆ ಸುಣ್ಣ ಬಣ್ಣ, ಕಪಾಟು, ಪುಸ್ತಕ ಎಲ್ಲ ಒಂದು ಸಲದ ಖರ್ಚು. ಕರೆಂಟ್ ಬಿಲ್ಲು, ಪೇಪರ್ ಚಂದಾ, ಸಂಜೆ ಕೋಣೆ ತೆಗೆಯೋರಿಗೆ ಕೊಡುವ ಸಂಬಳ ಪ್ರತಿ ತಿಂಗಳದ್ದು. ಎರಡನ್ನೂ ಒಂದೇ ಕ್ಯಾಂಪೇನ್‌ನಲ್ಲಿ ತುರುಕಿದರೆ ಮೊದಲ ವರ್ಷ ಉದ್ಘಾಟನೆಯ ಫೋಟೋ ಇರುತ್ತೆ, ಎರಡನೇ ವರ್ಷ ಬೀಗ ಇರುತ್ತೆ. ಮೊಸಳೆಯ ವರ್ತಕರು ವರ್ಷಾವರಿ ಅಂತ ಬೇರೆಯಾಗಿ ಬರೆಸಿದ್ದು ಇದಕ್ಕೇ.

ಮುಡಿಪು ಅಂದರೆ ಪ್ಲೆಡ್ಜ್, ಹರಕೆ ಅಂದರೆ ಷರತ್ತು

ಈಗ ಎಲ್ಲರೂ ಎಡವೋ ಪದ: ಪ್ಲೆಡ್ಜ್. ಪ್ಲೆಡ್ಜ್ ಮಾಡಿದರು ಅಂದರೆ ದುಡ್ಡು ಕೊಟ್ಟರು ಅಂತಲ್ಲ. ಕೊಡ್ತೀನಿ ಅಂದರು ಅಂತ.

ನಮ್ಮ ಮನೆಗಳಲ್ಲಿ ಇದಕ್ಕೆ ಒಳ್ಳೆ ಪದ ಇದೆ, ಮುಡಿಪು. ಮನೇಲಿ ಯಾರಿಗೋ ಕಾಯಿಲೆ. ಅಜ್ಜಿ ಅರಿಶಿನದ ಬಟ್ಟೇಲಿ ಒಂದು ನಾಣ್ಯ ಕಟ್ಟಿ ದೇವರ ಗೂಡಲ್ಲಿ ಇಡ್ತಾರೆ. ದುಡ್ಡು ಇನ್ನೂ ಮನೆಯಲ್ಲೇ ಇದೆ, ಆದರೆ ಅದನ್ನ ಬೇರೆ ಖರ್ಚಿಗೆ ಮುಟ್ಟೋ ಹಾಗಿಲ್ಲ. ಅದು ಆಗಲೇ ನಂಜುಂಡನದೋ, ಮಾದಪ್ಪನದೋ ಆಗಿಹೋಗಿದೆ. ಹರಕೆ ಇದಕ್ಕಿಂತ ಸ್ವಲ್ಪ ಬೇರೆ. ಅದರಲ್ಲಿ ಷರತ್ತಿದೆ: ಮಗು ವಾಸಿಯಾದರೆ ಒಪ್ಪಿಸ್ತೀನಿ. ಆಗದಿದ್ದರೆ ಒಪ್ಪಿಸೋ ಪ್ರಶ್ನೆ ಇಲ್ಲ.

ನಂಜನಗೂಡಿನಲ್ಲೇ ಇದರ ದೊಡ್ಡ ಉದಾಹರಣೆ ಇದೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣಿನ ತೊಂದರೆ ಬಂತು, ನಂಜುಂಡೇಶ್ವರನಿಗೆ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತು, ಆಗ ಟಿಪ್ಪು ದೇವಸ್ಥಾನಕ್ಕೆ ಪಚ್ಚೆಲಿಂಗ ಒಪ್ಪಿಸಿ ದೇವರನ್ನ ಹಕೀಂ ನಂಜುಂಡ ಅಂತ ಕರೆದ ಅನ್ನೋ ಪ್ರತೀತಿ. ಕೆಲಸ ಆದ ಮೇಲೆ ಪಾವತಿ.

ಅಮೆರಿಕದಲ್ಲಿ 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಕ್ರಿಯೇಟರ್ ಒಂದು ಗೋಲ್ ಹೇಳಬೇಕು, ಅಂದರೆ ಗುರಿಯ ಮೊತ್ತ. ಒಂದು ಡೆಡ್‌ಲೈನ್ ಹೇಳಬೇಕು. ಗಡುವಿನೊಳಗೆ ಗುರಿ ಮುಟ್ಟಿದರೆ ಮಾತ್ರ ಬ್ಯಾಕರ್‌ಗಳ ಕಾರ್ಡಿಂದ ದುಡ್ಡು ಹೋಗುತ್ತೆ. ಒಂದು ರೂಪಾಯಿ ಕಡಿಮೆಯಾದರೂ ಯಾರ ದುಡ್ಡೂ ಹೋಗಲ್ಲ. ಇದೇ ಆಲ್ ಆರ್ ನಥಿಂಗ್. ಕನ್ನಡದಲ್ಲಿ ಸಲೀಸಾಗಿ ಹೇಳಬೇಕಂದ್ರೆ ಹರಕೆ ಪದ್ಧತಿ.

ಅದಕ್ಕಿಂತ ಒಂದು ವರ್ಷ ಮೊದಲು, 2008ರಲ್ಲಿ ಬಂದ ಇಂಡಿಗೋಗೋ ಇನ್ನೊಂದು ದಾರಿ ಹಿಡೀತು. ಎಷ್ಟು ಕೂಡಿತೋ ಅಷ್ಟನ್ನೂ ಕ್ರಿಯೇಟರ್ ಇಟ್ಕೋಬಹುದು. ಇದು ಫ್ಲೆಕ್ಸಿಬಲ್ ಅಥವಾ ಕೀಪ್ ಇಟ್ ಆಲ್. ಇದು ವಂತಿಗೆ ಪದ್ಧತಿ. ಹಬ್ಬಕ್ಕೆ ಮನೆಗಿಷ್ಟು ಅಂತ ಎತ್ತಿದರು, ಅಂದಾಜು ಮಾಡಿದಷ್ಟು ಆಗಲಿಲ್ಲ. ಹಬ್ಬ ನಿಲ್ಲಲ್ಲ. ವಾದ್ಯದವರ ಸಂಖ್ಯೆ ಕಡಿಮೆಯಾಗುತ್ತೆ, ಸೀರಿಯಲ್ ಸೆಟ್ ಲೈಟು ಕಡಿಮೆಯಾಗುತ್ತೆ, ದೇವರು ಮೆರವಣಿಗೆ ಹೊರಡುತ್ತೆ.

ಯಾವುದು ಒಳ್ಳೇದು? ನಿಮ್ಮ ಕೆಲಸ ಅರ್ಧ ದುಡ್ಡಲ್ಲಿ ಅರ್ಧ ಆಗುತ್ತಾ ಅಂತ ಕೇಳ್ಕೊಳ್ಳಿ. ಓದುವ ಕೋಣೆ ಆಗುತ್ತೆ. ಸಾವಿರ ಪುಸ್ತಕದ ಬದಲು ನಾನೂರು ಇಟ್ಟು ಶುರು ಮಾಡಬಹುದು. ಅಲ್ಲಿ ವಂತಿಗೆ ಪದ್ಧತಿ ಸರಿ. ಆದರೆ ಸೇತುವೆ ಅರ್ಧ ಕಟ್ಟೋಕಾಗಲ್ಲ, ಸಿನಿಮಾ ಇಂಟರ್‌ವೆಲ್‌ವರೆಗೆ ಮಾತ್ರ ತೆಗೆಯೋಕಾಗಲ್ಲ. ಅಲ್ಲಿ ಹರಕೆ ಪದ್ಧತಿಯೇ ಮರ್ಯಾದೆ ಉಳಿಸೋದು. ಗುರಿ ಮುಟ್ಟದಿದ್ದರೆ ನಿಮಗೆ ಬೇಜಾರಾಗಬಹುದು, ಆದರೆ ಯಾರ ದುಡ್ಡೂ ನಿಮ್ಮ ತಲೆ ಮೇಲೆ ಉಳಿಯಲ್ಲ.

ಮುಯ್ಯಿ ಪುಸ್ತಕ ಮತ್ತು ರಿವಾರ್ಡ್

ಹಳೆ ಮೈಸೂರಿನ ಮದುವೆ ಮನೆಗಳಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರೋದನ್ನ ನೋಡಿರ್ತೀರಿ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಊರು, ಹೆಸರು, ಮೊತ್ತ ಬರ್ಕೊಳ್ತಾರೆ. ಇದು ದಾನವೂ ಅಲ್ಲ, ಸಾಲವೂ ಅಲ್ಲ. ನಾಳೆ ಅವರ ಮನೇಲಿ ಕಾರ್ಯ ನಡೆದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆ ಆಗದ ಹಾಗೆ ವಾಪಸ್ ಮಾಡಬೇಕು. ಕಾಗದದ ಮೇಲೆ ಸಹಿ ಇಲ್ಲ, ಬಡ್ಡಿ ಇಲ್ಲ. ಆದರೂ ಮರೆತರೆ ಸಂಬಂಧಕ್ಕೆ ಪೆಟ್ಟು. ಹೊಲದ ಕೆಲಸದಲ್ಲಿ ಮುಯ್ಯಾಳು ಅನ್ನೋದೂ ಇದೇ ಲೆಕ್ಕ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ.

ಕೊಟ್ಟವರಿಗೆ ದುಡ್ಡಿನ ಬದಲು ಏನೋ ಒಂದು ವಾಪಸ್ ಬರುವ ಮಾದರಿಗೆ ರಿವಾರ್ಡ್ ಕ್ರೌಡ್‌ಫಂಡಿಂಗ್ ಅಂತಾರೆ. ₹500 ಕೊಟ್ಟವರಿಗೆ ಪುಸ್ತಕದ ಒಂದು ಪ್ರತಿ, ₹2,000 ಕೊಟ್ಟವರಿಗೆ ಲೇಖಕರ ಸಹಿ ಇರೋ ಪ್ರತಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಈ ಮೆಟ್ಟಿಲಿಗೆ ಟಿಯರ್ ಅಂತ ಹೆಸರು. ಹೇಳಿದ್ದನ್ನ ಎಲ್ಲರಿಗೂ ತಲುಪಿಸೋ ಕೆಲಸಕ್ಕೆ ಫುಲ್‌ಫಿಲ್‌ಮೆಂಟ್. ಹೊಸಬರು ಮುಗ್ಗರಿಸೋದು ಸಾಮಾನ್ಯವಾಗಿ ಇಲ್ಲೇ. ದುಡ್ಡು ಬಂದಾಗ ಟೀ ಶರ್ಟ್ ಪ್ರಿಂಟಿಂಗ್, ಕೊರಿಯರ್, ಅಡ್ರೆಸ್ ತಪ್ಪಾಗಿ ವಾಪಸ್ ಬಂದ ಪಾರ್ಸೆಲ್, ಇದ್ಯಾವುದೂ ಲೆಕ್ಕದಲ್ಲಿ ಇರಲ್ಲ. ಮದುವೆ ಮನೆಯ ಮುಯ್ಯಿ ಪುಸ್ತಕ ಹಿಡಿದವರು ಈ ತಪ್ಪು ಮಾಡಲ್ಲ. ಅವರಿಗೆ ಬಂದ ಪ್ರತಿ ರೂಪಾಯಿಯೂ ಕೊಡಬೇಕಾದ ರೂಪಾಯಿ ಅಂತ ಗೊತ್ತು.

ರಿವಾರ್ಡ್ ಅಂದರೆ ವಸ್ತುವೇ ಆಗಬೇಕು ಅಂತಿಲ್ಲ. 1885ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಪೇಚಿನ ಪರಿಸ್ಥಿತಿ. ಫ್ರಾನ್ಸ್‌ನವರು ಸ್ವಾತಂತ್ರ್ಯ ದೇವಿಯ ಪ್ರತಿಮೆ ಉಡುಗೊರೆ ಕೊಟ್ಟಿದ್ದಾರೆ, ಆದರೆ ನಿಲ್ಲಿಸೋಕೆ ಪೀಠ ಇಲ್ಲ, ಪೀಠಕ್ಕೆ ದುಡ್ಡಿಲ್ಲ. ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಕರೆ ಕೊಟ್ಟ: ಎಷ್ಟೇ ಸಣ್ಣ ಮೊತ್ತ ಕೊಡಿ, ನಿಮ್ಮ ಹೆಸರು ಪತ್ರಿಕೆಯಲ್ಲಿ ಬರುತ್ತೆ. ಐದೇ ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರಿಂದ ಒಂದು ಲಕ್ಷ ಡಾಲರ್‌ಗೂ ಮಿಕ್ಕಿ ಬಂತು. ಬಹುಪಾಲು ಜನ ಕೊಟ್ಟದ್ದು ಒಂದು ಡಾಲರ್‌ಗಿಂತ ಕಡಿಮೆ. ಅವರಿಗೆ ಸಿಕ್ಕಿದ್ದು ಪೇಪರಿನಲ್ಲಿ ಒಂದು ಸಾಲು. ನಮ್ಮ ದೇವಸ್ಥಾನಗಳಲ್ಲಿ ಸೀಲಿಂಗ್ ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆಸ್ತಾರಲ್ಲ, ಅದೇ.

ಸಾಲ ಬೇರೆ, ಪಾಲು ಬೇರೆ

ಇಲ್ಲಿಂದ ಮುಂದೆ ಸ್ವಲ್ಪ ಎಚ್ಚರ. ಇಲ್ಲಿವರೆಗೆ ಹೇಳಿದ ಎರಡು ಮಾದರಿಗಳಲ್ಲಿ ತಪ್ಪಾದರೆ ಹೆಸರು ಕೆಡುತ್ತೆ. ಮುಂದಿನ ಎರಡರಲ್ಲಿ ತಪ್ಪಾದರೆ ಕಾನೂನೂ ಬಾಗಿಲಿಗೆ ಬರುತ್ತೆ.

ಮೊದಲನೆಯದು ಡೆಟ್, ಅಂದರೆ ಸಾಲ. ಹಲವರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ಒಬ್ಬರಿಗೆ ಸಾಲ ಕೊಡೋದು. ಕರ್ನಾಟಕದ ಕರಾವಳಿಗೆ ಸಣ್ಣ ಮೊತ್ತದ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಕೊನೆಗೆ ಅದರ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. 1928ರಲ್ಲಿ ಅದೇ ಉಡುಪಿಯ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿ ತಂತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ತಗೊಂಡು ಹೋಗ್ತಿದ್ದ. ಇವು ಬ್ಯಾಂಕುಗಳು, ಕ್ರೌಡ್‌ಫಂಡಿಂಗ್ ಅಲ್ಲ. ಆದರೆ ಎರಡಾಣೆಗೂ ರಸೀದಿ ಕೊಡಬೇಕು ಅನ್ನೋ ಶಿಸ್ತು ಅಲ್ಲಿಂದ ಕಲಿಯಬೇಕಾದ್ದು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಿಲಾಪ್ ಕೂಡ ಮೊದಲಿಗೆ ಬಡವರಿಗೆ ಸಣ್ಣ ಸಾಲ ಕೊಡಿಸೋ ವೇದಿಕೆ. ಚಿಕಿತ್ಸೆ, ಓದಿಗೆ ದೇಣಿಗೆ ಎತ್ತೋ ವೇದಿಕೆಯಾಗಿ ಬೆಳೆದದ್ದು ಆಮೇಲೆ. ಈಗ ಆನ್‌ಲೈನ್‌ನಲ್ಲಿ ಜನರಿಂದ ಜನರಿಗೆ ಸಾಲ ಕೊಡಿಸೋ ವೇದಿಕೆಗಳಿಗೆ 2017ರಿಂದ ರಿಸರ್ವ್ ಬ್ಯಾಂಕಿನ ನಿಯಮಗಳಿವೆ, ನೋಂದಣಿ ಕಡ್ಡಾಯ.

ಎರಡನೆಯದು ಈಕ್ವಿಟಿ, ಅಂದರೆ ಪಾಲು. ಲಾಭ ಬಂದರೆ ಹಂಚಿಕೆ, ನಷ್ಟ ಬಂದರೆ ಅದರಲ್ಲೂ ಹಂಚಿಕೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರಿನವರನ್ನ ಸೇರಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. ಅಲ್ಲಿ ರೈತ ದಾನಿ ಆಗಿರಲಿಲ್ಲ, ಸದಸ್ಯ ಆಗಿದ್ದ. ಪಾಲು ಇದ್ದವನಿಗೆ ಪ್ರಶ್ನೆ ಕೇಳೋ ಹಕ್ಕೂ ಇತ್ತು.

ಸಿನಿಮಾ ಪ್ರಿಯರಿಗೆ ಇಲ್ಲಿ ಎರಡು ಹೆಸರು. 1976ರಲ್ಲಿ ಶ್ಯಾಮ್ ಬೆನಗಲ್ ಅವರ ಮಂಥನ್. ಗಿರೀಶ್ ಕಾರ್ನಾಡರು ಮುಖ್ಯ ಪಾತ್ರದಲ್ಲಿದ್ದ ಈ ಹಿಂದಿ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಚಿತ್ರದ ಮೊದಲಲ್ಲಿ ನಿರ್ಮಾಪಕರ ಜಾಗದಲ್ಲಿ ಆ ರೈತರಿದ್ದಾರೆ. ಮುಂದೆ ಅವರೇ ಗುಂಪು ಗುಂಪಾಗಿ ಬಂದು ಚಿತ್ರ ನೋಡಿದರು. ಇನ್ನೊಂದು ನಮ್ಮದೇ ಲೂಸಿಯಾ. ನಿರ್ದೇಶಕ ಪವನ್ ಕುಮಾರ್ ನಿರ್ಮಾಪಕರು ಸಿಗದೆ ಬೇಸತ್ತು 2012ರಲ್ಲಿ ಬ್ಲಾಗ್ ಬರೆದು ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 27 ದಿನದಲ್ಲಿ 110 ಜನರಿಂದ ಸುಮಾರು 51 ಲಕ್ಷ ರೂಪಾಯಿ ಬಂತು. 2013ರಲ್ಲಿ ಸತೀಶ್ ನೀನಾಸಂ, ಶ್ರುತಿ ಹರಿಹರನ್ ಅಭಿನಯದ ಚಿತ್ರ ತೆರೆಗೆ ಬಂತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಗೆದ್ದಿತು. ಲೂಸಿಯಾಗೆ ಹಣ ಹಾಕಿದವರು ಹೂಡಿಕೆದಾರರು. ಮಂಥನ್‌ಗೆ ಎರಡು ರೂಪಾಯಿ ಕೊಟ್ಟ ರೈತ ಲಾಭದ ಲೆಕ್ಕ ಹಾಕಿ ಕೊಟ್ಟವನಲ್ಲ. ಎರಡನ್ನೂ ನಾವು ಒಂದೇ ಉಸಿರಲ್ಲಿ ಕ್ರೌಡ್‌ಫಂಡೆಡ್ ಸಿನಿಮಾ ಅಂತೀವಿ, ಆದರೆ ಕೊಟ್ಟವರ ನಿರೀಕ್ಷೆ ಬೇರೆ ಬೇರೆ.

ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ದೇಶದಲ್ಲಿ ಕಂಡಕಂಡವರಿಗೆಲ್ಲ ಆನ್‌ಲೈನ್‌ನಲ್ಲಿ ಕಂಪನಿಯ ಪಾಲು ಮಾರೋ ಹಾಗಿಲ್ಲ. ಖಾಸಗಿಯಾಗಿ ಷೇರು ಕೊಡೋದಕ್ಕೆ ವರ್ಷಕ್ಕೆ 200 ಜನರ ಮಿತಿ ಇದೆ. ಕ್ರೌಡ್‌ಫಂಡಿಂಗ್‌ಗೆ ಪ್ರತ್ಯೇಕ ನಿಯಮ ತರಬೇಕೇ ಅಂತ ಸೆಬಿ 2014ರಲ್ಲಿ ಚರ್ಚಾ ಪತ್ರ ಹೊರಡಿಸಿತು. 2016ರಲ್ಲಿ ಅನುಮತಿ ಇಲ್ಲದ ಇಂಥ ವೇದಿಕೆಗಳ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು. ಆದ್ದರಿಂದ ಕ್ಯಾಂಪೇನ್ ಪುಟದಲ್ಲಿ ಉತ್ಸಾಹಕ್ಕೆ ಲಾಭದಲ್ಲಿ ಪಾಲು ಕೊಡ್ತೀವಿ ಅಂತ ಒಂದು ಸಾಲು ಬರೆಯೋ ಮುಂಚೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಹತ್ತಿರ ಕೂತು ಮಾತಾಡಿ.

ಮೂರು ಲಕ್ಷ ಬೇಕು ಅಂದರೆ ಎಷ್ಟು ಕೇಳಬೇಕು?

ನಮ್ಮ ಹುಡುಗಿಗೆ ಮೂರು ಲಕ್ಷ ಬೇಕು. ಗೋಲ್ ಮೂರು ಲಕ್ಷ ಅಂತ ಹಾಕಿದರೆ ಕೈಗೆ ಮೂರು ಲಕ್ಷ ಬರಲ್ಲ. ವೆಬ್‌ಸೈಟಿನವರು ತಗೊಳ್ಳೋದು ಪ್ಲಾಟ್‌ಫಾರ್ಮ್ ಫೀ. ಕಾರ್ಡ್, ಯುಪಿಐ ಮೂಲಕ ಹಣ ದಾಟಿಸೋ ಕಂಪನಿ ತಗೊಳ್ಳೋದು ಪೇಮೆಂಟ್ ಗೇಟ್‌ವೇ ಶುಲ್ಕ. ಈ ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ. ಕೆಲವು ವೇದಿಕೆಗಳು ಶುಲ್ಕ ಇಲ್ಲ ಅಂತ ಹೇಳಿ, ಕೊಡುವವರ ಹತ್ತಿರ ಟಿಪ್ ಕೇಳ್ತವೆ.

ಲೆಕ್ಕಕ್ಕಾಗಿ ವೇದಿಕೆಗೆ ಶೇ 5, ಗೇಟ್‌ವೇಗೆ ಶೇ 3 ಅಂತ ಇಟ್ಕೊಳ್ಳಿ. ಒಟ್ಟು ಶೇ 8, ಜಿಎಸ್‌ಟಿ ಸೇರಿದರೆ ಶೇ 9.44. ಕೈಗೆ ಪೂರ್ತಿ ₹3,00,000 ಬರಬೇಕಾದರೆ ಸುಮಾರು ₹3,31,000 ಕೇಳಬೇಕು. ರಿವಾರ್ಡ್ ಇದ್ದರೆ ಅದರ ಖರ್ಚು ಇದರ ಮೇಲೆ. ಗುರಿ ದಾಟಿ ಹಣ ಬಂದರೆ ಏನು ಮಾಡ್ತೀವಿ ಅಂತ ಮೊದಲೇ ಹೇಳೋದಕ್ಕೆ ಸ್ಟ್ರೆಚ್ ಗೋಲ್ ಅಂತಾರೆ: ಇನ್ನೂ ₹50,000 ಬಂದರೆ ಒಂದು ಕಂಪ್ಯೂಟರ್ ಅಂತ. ಮೊದಲೇ ಹೇಳದೆ ಆಮೇಲೆ ತೀರ್ಮಾನ ಮಾಡಿದರೆ ಊರಲ್ಲಿ ಮಾತು ಹುಟ್ಟುತ್ತೆ.

ಇನ್ನು ತೆರಿಗೆ. 80ಜಿ ಅಂತ ಎಲ್ಲರೂ ಕೇಳ್ತಾರೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗೋ ವಿನಾಯಿತಿ ಅದು. ಅನುಮೋದನೆ ಪಡೆದ ಟ್ರಸ್ಟ್ ಅಥವಾ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ ಅದು ಅನ್ವಯ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿರೋರಿಗೆ. ₹2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗಲ್ಲ. ನಿಮ್ಮ ಸ್ವಂತ ಖಾತೆಗೆ ಹಣ ತರಿಸ್ಕೊಂಡು 80ಜಿ ರಸೀದಿ ಕೊಡೋಕಾಗಲ್ಲ. ಅಷ್ಟೇ ಅಲ್ಲ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ ₹50,000 ದಾಟಿ ಉಡುಗೊರೆಯಾಗಿ ಬಂದ ಹಣ ನಿಮ್ಮ ಆದಾಯ ಅಂತ ಲೆಕ್ಕಕ್ಕೆ ಬರಬಹುದು. ದುಬೈಯಲ್ಲೋ ಅಮೆರಿಕದಲ್ಲೋ ಇರೋ ಕನ್ನಡಿಗರು ಕೊಡ್ತೀವಿ ಅಂದರೆ ಒಂದು ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪೌರರಾಗಿದ್ದು ತಮ್ಮ ಉಳಿತಾಯವನ್ನ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗಲ್ಲ. ಬೇರೆ ದೇಶದ ಪೌರತ್ವ ತಗೊಂಡಿದ್ದರೆ ಆಗುತ್ತೆ. ಆಗ ಆ ಹಣ ಪಡೆಯೋ ಟ್ರಸ್ಟ್‌ಗೆ ವಿದೇಶಿ ದೇಣಿಗೆ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ ಅನುಮತಿ ಬೇಕು.

ಹುಂಡಿ ಎಣಿಕೆ ಮತ್ತು ಅಪ್‌ಡೇಟ್

ಕೊನೆಯ ಪದ ಅಪ್‌ಡೇಟ್. ಹಣ ಬಂದ ಮೇಲೆ ಕೊಟ್ಟವರಿಗೆ ಆಗಾಗ ಸುದ್ದಿ ಕೊಡೋದು. ಬಹಳ ಕ್ಯಾಂಪೇನ್‌ಗಳು ಇಲ್ಲೇ ಮೌನ ಆಗ್ತವೆ. ಮೋಸ ಮಾಡೋ ಉದ್ದೇಶ ಇರಲ್ಲ. ಕೆಲಸ ತಡವಾಗಿರುತ್ತೆ, ಹೇಳೋಕೆ ನಾಚಿಕೆ, ಮುಂದಿನ ವಾರ ಹೇಳೋಣ ಅಂತ ಮುಂದಕ್ಕೆ ಹಾಕ್ತಾರೆ. ಕೊಟ್ಟವರಿಗೆ ಆ ಮೌನ ಬೇರೆ ಥರ ಕೇಳಿಸುತ್ತೆ.

ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಹುಂಡಿ ಎಣಿಕೆ ಆದಾಗೆಲ್ಲ ಪೇಪರಲ್ಲಿ ಸುದ್ದಿ ಬರುತ್ತೆ. ಅಧಿಕಾರಿಗಳು, ಬ್ಯಾಂಕ್ ಸಿಬ್ಬಂದಿ ಎದುರಲ್ಲೇ ಎಣಿಕೆ. ನೋಟೆಷ್ಟು, ಚಿನ್ನ ಎಷ್ಟು ಗ್ರಾಂ, ಬೆಳ್ಳಿ ಎಷ್ಟು, ವಿದೇಶಿ ನೋಟು ಎಷ್ಟು ಅಂತ ಬಿಡಿಬಿಡಿಯಾಗಿ ಬರೀತಾರೆ. ಹುಂಡಿಗೆ ಹಾಕಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಲೆಕ್ಕ ಕೇಳಿಲ್ಲ. ಆದರೂ ಲೆಕ್ಕ ಹೇಳ್ತಾರೆ. ಹೆಸರು, ವಿಳಾಸ, ಫೋನ್ ನಂಬರ್ ಸಮೇತ ದುಡ್ಡು ಕೊಟ್ಟ ನೂರು ಜನಕ್ಕೆ ನಾವು ಲೆಕ್ಕ ಹೇಳದೆ ಇರೋದು ಹೇಗೆ?

ಹಾಗಾದರೆ ನಮ್ಮ ಹುಡುಗಿ ಏನು ಮಾಡಬೇಕು? ಆ್ಯಪ್‌ನಲ್ಲಿ ಎಲ್ಲರಿಗೂ ಕಾಣೋದು ಒಂದೇ ಬಣ್ಣದ ಒಂದೇ ಬಟನ್ನು. ನಮ್ಮ ಹಿರಿಯರಿಗೆ ಅದೇ ಜಾಗದಲ್ಲಿ ದಾಸೋಹ, ವಂತಿಗೆ, ಮುಡಿಪು, ಹರಕೆ, ಮುಯ್ಯಿ, ಸಾಲ, ಪಾಲು ಅಂತ ಏಳು ಪದ ಇದ್ದವು. ಯಾಕೆ ಅಂದ್ರೆ ದುಡ್ಡು ಕೈ ಬದಲಾದಾಗ ಇಬ್ಬರ ನಡುವೆ ಏನು ಸಂಬಂಧ ಉಳಿಯುತ್ತೆ ಅನ್ನೋದು ಪ್ರತಿ ಸಲವೂ ಬೇರೆ. ಪುಟ ತೆರೆಯೋ ಮುಂಚೆ ಅವಳು ಒಂದು ಹಾಳೆ ತಗೊಂಡು ನಾಲ್ಕು ಸಾಲು ಬರೀಲಿ. ಕೊಟ್ಟವರಿಗೆ ಏನು ವಾಪಸ್ ಬರುತ್ತೆ, ಯಾವಾಗ ಬರುತ್ತೆ. ಗುರಿ ಮುಟ್ಟದಿದ್ದರೆ ಹಣ ಏನಾಗುತ್ತೆ. ಹಣ ಯಾರ ಖಾತೆಗೆ ಬರುತ್ತೆ. ಲೆಕ್ಕ ಯಾವ ದಿನ, ಎಲ್ಲಿ ಹಾಕ್ತೀನಿ. ಆ ಹಾಳೆಯನ್ನ ಊರಲ್ಲಿ ವಂತಿಗೆ ಪುಸ್ತಕ ಹಿಡಿದು ಅಭ್ಯಾಸ ಇರೋ ಹಿರಿಯರೊಬ್ಬರಿಗೆ ಓದಿ ಹೇಳಲಿ. ಅವರಿಗೆ ಬ್ಯಾಕರ್, ಟಿಯರ್, ಗೇಟ್‌ವೇ ಅನ್ನೋ ಪದ ಗೊತ್ತಿರಲಿಕ್ಕಿಲ್ಲ. ಆದರೆ ಎಲ್ಲಿ ಜಗಳ ಬರುತ್ತೆ ಅಂತ ಅವರು ಒಂದೇ ಸಲಕ್ಕೆ ಬೆರಳಿಟ್ಟು ತೋರಿಸ್ತಾರೆ. ಅದನ್ನ ಸರಿ ಮಾಡ್ಕೊಂಡು, ಆಮೇಲೆ ಪುಟ ತೆರೀಲಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲಿ ವಂತಿಗೆಗೆ, ಮುಯ್ಯಿಗೆ ಬೇರೆ ಹೆಸರು ಇದ್ದರೆ ಮನೆಯ ಹಿರಿಯರನ್ನ ಕೇಳಿ ಬರೆದಿಟ್ಕೊಳ್ಳಿ.